ಅತೀಯಾ ಮೇಡಂ ಬರೆದ ಮನೆಯ ಹೆಸರು

ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಅರ್ಧ ಜನ ಅತೀಯಾಳ ಕೈ ನೋಡಿ ಕೇಳುವ ಪ್ರಶ್ನೆ ಒಂದೇ. “ಯಾವ ಎಲೆಕ್ಷನ್ನು ಮೇಡಂ? ನಮ್ ಕಡೆ ಇನ್ನೂ ಆಗಿಲ್ವಲ್ಲ?” ಅವಳು ಎಡಗೈಯವಳು. ಎಡಗೈಯ ತೋರುಬೆರಳಿನಲ್ಲಿ ವರ್ಷವಿಡೀ ಶಾಯಿಯ ಕಲೆ ಇದ್ದೇ ಇರುತ್ತದೆ. ಮತ ಹಾಕಿದ ಗುರುತಾದರೂ ಕೆಲವು ವಾರಗಳಲ್ಲಿ ಮಾಸುತ್ತದೆ, ಇವಳದು ಮಾಸುವುದಿಲ್ಲ. ದಿನಾ ಬೆಳಿಗ್ಗೆ ಹೊಸದಾಗಿ ಹಚ್ಚಿಕೊಂಡೇ ಬರುತ್ತಾಳೆ.

ಅತೀಯಾ ಆಡಿಯಾಲಜಿಸ್ಟ್. ಅಂದರೆ ಯಾರ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷೆ ಮಾಡಿ, ಬೇಕಾದವರಿಗೆ ಕಿವಿಯ ಮಿಷನ್ ಕೂರಿಸುವವಳು. ಆರ್.ಟಿ. ನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯೇ ನಮ್ಮ ಕ್ಲಿನಿಕ್. ನಾನು ವೇದಾ. ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುವವಳು, ಸರದಿ ತಪ್ಪಿಸಿ ನುಗ್ಗುವವರನ್ನು ಗದರುವವಳು. “ನನ್ ಹೆಂಡ್ತಿಗೆ ಕಿವಿ ಕೇಳ್ಸಲ್ಲ” ಎಂದು ಹೆಂಡತಿಯನ್ನು ಎಳೆದುಕೊಂಡು ಬರುವ ಗಂಡಂದಿರಲ್ಲಿ ಎಷ್ಟು ಜನಕ್ಕೆ ತಮಗೇ ಕೇಳಿಸುವುದಿಲ್ಲ ಎಂಬುದನ್ನು ನಾನು ಮುಖ ನೋಡಿಯೇ ಹೇಳಬಲ್ಲೆ. ವಯಸ್ಸಿನಲ್ಲಿ ನಾನು ದೊಡ್ಡವಳು. ರೋಗಿಗಳ ಎದುರು ಅವಳು ನನಗೆ ಮೇಡಂ, ಊಟದ ಡಬ್ಬಿಯ ಎದುರು ಬರೀ ಅತೀಯಾ. ಅವಳಿಗೆ ಮಾತ್ರ ನಾನು ಎಲ್ಲಿದ್ದರೂ ವೇದಕ್ಕ.

ಅಕ್ಷರದ ಹುಚ್ಚು ಅವಳಿಗೆ ಹಿಡಿದದ್ದು ಕಾಲೇಜಿನಲ್ಲಿ. ಮಕ್ಕಳ ಪರೀಕ್ಷೆಗೆಂದು ರಟ್ಟಿನ ಮೇಲೆ ಕನ್ನಡ ಪದಗಳನ್ನು ದಪ್ಪಗೆ ಬರೆದು ತರಬೇಕಿತ್ತಂತೆ. ಉಳಿದವರು ಮಾರ್ಕರ್ ಪೆನ್ನಿನಲ್ಲಿ ಗೀಚಿ ಕೈತೊಳೆದುಕೊಂಡರು. ಇವಳು ‘ಬಳೆ’ ಎಂದು ಬರೆದು, ಬರೆದದ್ದನ್ನೇ ನೋಡುತ್ತಾ ಕೂತುಬಿಟ್ಟಳು. “ನಿಜವಾಗ್ಲೂ ಬಳೆ ಥರಾನೇ ಇತ್ತು ವೇದಕ್ಕ. ಅಲ್ಲಾಡ್ಸಿದ್ರೆ ಸದ್ದು ಬರುತ್ತೇನೋ ಅನ್ನಿಸ್ತು” ಎಂದು ಈಗಲೂ ಹೇಳುತ್ತಾಳೆ. ಅಂಗಡಿಯ ನಿಬ್ಬುಗಳು ಎಡಗೈಗೆ ಒಗ್ಗಲಿಲ್ಲ. ಬಿದಿರು ಕಡ್ಡಿಯ ಮೂತಿಯನ್ನು ತನ್ನ ಕೈಗೆ ಬೇಕಾದ ಓರೆಗೆ ಚಾಕುವಿನಲ್ಲಿ ತಾನೇ ಕೊಯ್ದುಕೊಂಡು ಬರೆಯಲು ಶುರು ಮಾಡಿದಳು. ಕ್ಲಿನಿಕ್ಕಿಗೆ ಹೊರಡುವ ಮೊದಲು ಒಂದು ಗಂಟೆ ಬರೆಯದಿದ್ದರೆ ಆ ದಿನ ಅವಳ ಮುಖ ನೋಡಲಾಗುವುದಿಲ್ಲ.

ಬರೆದದ್ದರಲ್ಲಿ ಒಂದು ಕೊಂಬು ಸ್ವಲ್ಪ ವಾಲಿದರೂ ಸಾಕು, ಇಡೀ ಹಾಳೆಯನ್ನು ಹರಿದು ಎಸೆಯುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ. ಅಂಥ ದಪ್ಪ, ನುಣುಪು ಹಾಳೆ! “ಇದ್ರಲ್ಲೇನಮ್ಮಾ ತಪ್ಪಿದೆ? ನನ್ ಕಣ್ಣಿಗೆ ರಾಜಕುಮಾರಿ ಥರ ಕಾಣ್ತಿದೆ” ಎಂದರೆ, “ನಿಮ್ ಕಣ್ಣು ಟೆಸ್ಟ್ ಮಾಡಿಸ್ಬೇಕು” ಎನ್ನುತ್ತಾಳೆ. ಅವಳು ಎಸೆದದ್ದನ್ನು ನಾನು ಮನೆಗೆ ಒಯ್ಯುತ್ತೇನೆ. ನಮ್ಮ ಮನೆಯ ಕರಿಬೇವು, ಕೊತ್ತಂಬರಿ ಎಲ್ಲ ಫ್ರಿಜ್ಜಿನಲ್ಲಿ ಸುಂದರವಾದ ಅಕ್ಷರಗಳಲ್ಲಿ ಸುತ್ತಿಕೊಂಡು ಮಲಗಿವೆ.

ಅವಳ ಮನೆಯಲ್ಲಿ ಮಾತು ದಖನಿ ಉರ್ದು. ಓದಿದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಕೈ ಕನ್ನಡದ್ದು. ಅಮ್ಮ ಕುಬ್ರಾ ಅವರಿಗೆ ಮಗಳ ಕೆಲಸದ ಮೇಲೆ ಅಪಾರ ಹೆಮ್ಮೆ, ಈ ಹವ್ಯಾಸದ ಮೇಲೆ ಅಷ್ಟೇ ಸಿಟ್ಟು. ಹಾಸಿಗೆಯ ಮೇಲುಹೊದಿಕೆಯಲ್ಲಿ ಕಲೆ, ದುಪಟ್ಟಾದಲ್ಲಿ ಕಲೆ, ಒಮ್ಮೆ ಹಬ್ಬದ ಬಿರಿಯಾನಿಯ ತಟ್ಟೆಯಲ್ಲೂ ಹೆಬ್ಬೆರಳಿನ ಗುರುತು. ಶಾಯಿ ಬಾಟಲಿ ಕಂಡರೆ ಸಾಕು, “ನಕ್ಕೋ, ನಕ್ಕೋ!” ಎಂದು ಕೂಗುತ್ತಾರೆ, ಬೇಡವೇ ಬೇಡ ಎಂದು. “ಇಷ್ಟು ವರ್ಷ ಬರ್ದೆ. ಯಾರಾದ್ರೂ ಒಬ್ರು ಗೋಡೆಗೆ ಹಾಕ್ಕೊಂಡ್ರಾ?” ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ನ್ಯಾಯವಿತ್ತು. ಚಿಕ್ಕಮ್ಮನ ಮಗಳು ಸುಮೈರಾಳ ಮದುವೆಗೆ ಗಂಡ ಹೆಂಡತಿಯ ಹೆಸರು ಬರೆದು, ಕಟ್ಟು ಹಾಕಿಸಿ ಕೊಟ್ಟಿದ್ದಳು. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಅದು ನೀರಿನ ಕ್ಯಾನಿನ ಹಿಂದೆ ಇತ್ತು, ಗೋಡೆಗೆ ಒದ್ದೆ ತಾಗದಿರಲಿ ಎಂದು. ಅತೀಯಾ ನನ್ನೆದುರು ನಕ್ಕುಕೊಂಡೇ ಹೇಳಿದಳು. ಆದರೆ ಅವತ್ತು ಡಬ್ಬಿಯ ಊಟ ಮುಗಿಸಲಿಲ್ಲ.

“ಒಂದೇ ಒಂದು ಕಡೆ ಸಾಕು ವೇದಕ್ಕ. ದಾರೀಲಿ ಹೋಗೋರು ನಿಂತು ಓದೋ ಹಾಗೆ ನನ್ ಅಕ್ಷರ ಇರ್ಬೇಕು. ಆಮೇಲೆ ಅಮ್ಮ ಏನಂದ್ರೂ ಅನ್ನಿಸ್ಕೊತೀನಿ” ಎಂದಳು. ಅವಳು ಬಾಯಿಬಿಟ್ಟು ಕೇಳಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಅಂಥ ಹೊತ್ತಿನಲ್ಲಿ ಹುಣಸಮಾರನಹಳ್ಳಿಯ ಚಿಕ್ಕಬೈರಪ್ಪನವರು ಮೆಟ್ಟಿಲು ಹತ್ತಿ ಬಂದರು. ವಿಮಾನ ನಿಲ್ದಾಣದ ರಸ್ತೆಯ ಪಕ್ಕ ಜಮೀನಿದ್ದವರು. ಬಿಳಿ ಪಂಚೆ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು. ಎರಡೂ ಹೊಡೆದುಕೊಳ್ಳುತ್ತಿದ್ದವು, ಅವರಿಗೆ ಒಂದೂ ಕೇಳುತ್ತಿರಲಿಲ್ಲ.

ಇಲ್ಲಿ ನಮ್ಮ ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಬೇಕು. ರೋಗಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಅತೀಯಾ ಹೊರಗಿನಿಂದ ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಪದ ಹೇಳುತ್ತಾಳೆ, ಅವರು ತಿರುಗಿ ಹೇಳಬೇಕು. ಸರಿಯಿದ್ದರೆ ಗುರುತು, ತಪ್ಪಿದರೆ ಸೊನ್ನೆ. ಯಲಹಂಕದ ಆಚೆಯ ಹಳ್ಳಿಯವರು ಬಂದಾಗ, ಪರೀಕ್ಷೆ ಮಾಡಲು ಕೆಲಸಕ್ಕೆ ಸೇರಿದ ಹೊಸಬರು ಎಡವುವುದು ಇಲ್ಲೇ. ‘ಹೂವು’ ಎಂದರೆ ಅವರು ‘ಊವು’ ಎನ್ನುತ್ತಾರೆ, ‘ಹಣ್ಣು’ ಎಂದರೆ ‘ಅಣ್ಣು’. ಹೊಸಬರು ಸೊನ್ನೆ ಹಾಕುತ್ತಾರೆ. ಅತೀಯಾ ಹಾಕುವುದಿಲ್ಲ. “ಅದು ಕಿವಿ ತಪ್ಪಲ್ಲ, ನಾಲಿಗೆ ರೂಢಿ. ಅವ್ರು ಆ ಅಂದ್ರೆ ನಾವು ಹಾ ಅಂತ ಕೇಳಿಸ್ಕೋಬೇಕು” ಎಂದು ಹೊಸಬರಿಗೆ ಪಾಠ ಮಾಡುತ್ತಾಳೆ. ಅವಳ ಈ ಜಾಣತನದಿಂದ ಎಷ್ಟೋ ಜನ ಬೇಡದ ಮಿಷನ್ನಿನಿಂದ ಪಾರಾಗಿದ್ದಾರೆ.

ಚಿಕ್ಕಬೈರಪ್ಪನವರಿಗೆ ಮಾತ್ರ ನಿಜಕ್ಕೂ ಬೇಕಿತ್ತು. ಮಿಷನ್ ಹಾಕಿ ಸರಿಮಾಡಿದ ದಿನ ಅವರು ಮೊದಲು ಕೇಳಿಸಿಕೊಂಡದ್ದು ನನ್ನ ಬೈಗುಳ, ಸರದಿ ತಪ್ಪಿಸಿದವನೊಬ್ಬನಿಗೆ ಬೈಯುತ್ತಿದ್ದೆ. “ಈ ಯಮ್ಮನ ಗಂಟ್ಲು ಇಷ್ಟ್ ಜೋರಾ!” ಎಂದು ಬೆರಗಾದರು. ಆಮೇಲೆ ಕಿಟಕಿಯ ಹತ್ತಿರ ಒಣಗಲು ಇಟ್ಟಿದ್ದ ಒಂದು ಹಾಳೆ ಅವರ ಕಣ್ಣಿಗೆ ಬಿತ್ತು. ಹೋಗಿ ನಿಂತರು. ನಿಂತೇ ಇದ್ದರು.

“ಇದ್ಯಾರ್ ಬರ್ದಿದ್ದು ಮೇಡಂ?”

“ನಾನೇ ಸರ್.”

“ಕೈಯಾಗೆ? ಕಂಪ್ಯೂಟರ್ ಅಲ್ಲ?” ಅವರು ಕುರ್ಚಿ ಎಳೆದು ಕೂತರು. “ನೋಡಿ, ಮನೆ ಕಟ್ಸಿವ್ನಿ. ನಮ್ಮವ್ವನ ಎಸ್ರು ಇಡ್ಬೇಕು ಅಂತ ಬಾಳ ಆಸೆ. ಅಪ್ಪ ಓದ್ಮೇಲೆ ಒಬ್ಳೇ ನಮ್ಮುನ್ನ ಸಾಕಿದ್ಲು. ತೊಂಬತ್ತು ಆಯ್ತಾ ಬಂತು, ಅವಳ ಎಸ್ರು ಇದುವರ್ಗೂ ಒಂದ್ ಕಡೇನೂ ಯಾರೂ ಬರ್ದಿಲ್ಲ. ಗೇಟಿನ ಪಕ್ಕ ಕರಿ ಕಲ್ನಾಗೆ ಕೆತ್ತುಸ್ತೀನಿ. ಕಂಪ್ಯೂಟರ್ ಅಕ್ಸರ ಎಲ್ಲಾರ್ ಮನೆ ಮ್ಯಾಲೂ ಐತೆ. ನಂಗೆ ನೀವು ಬರ್ಕೊಡಿ. ಆಲಮ್ಮ ನಿಲಯ.”

ಅವರು ಮೆಟ್ಟಿಲು ಇಳಿದದ್ದೇ ತಡ, ಅತೀಯಾ ನನ್ನ ಎರಡೂ ಕೈ ಹಿಡಿದು ಕುಣಿದುಬಿಟ್ಟಳು. “ಕಲ್ಲಲ್ಲಿ ವೇದಕ್ಕ! ರೋಡಿನ ಪಕ್ಕ! ಹಾಲಮ್ಮ ನಿಲಯ! ಎಷ್ಟು ಚೆಂದ ಹೆಸ್ರು ಅಲ್ವಾ, ಹಾಲಮ್ಮ?” ಚೆಂದವೇ ಇತ್ತು. ನನಗೂ ಹಾಗೇ ಕೇಳಿಸಿತ್ತು.

ಆಮೇಲಿನ ಮೂರು ವಾರ ನನ್ನ ಮನೆಯ ಫ್ರಿಜ್ಜಿನಲ್ಲಿ ಬರೀ ‘ಹಾ’. ಹೊಟ್ಟೆ ದೊಡ್ಡದಾದ ಹಾ, ಬೆನ್ನು ಬಾಗಿದ ಹಾ, ತಲೆಕಟ್ಟು ಟೋಪಿಯಂತೆ ಜಾರಿದ ಹಾ. ಊಟದ ಡಬ್ಬಿ ತೆರೆದು ಮೊಸರನ್ನದ ಮೇಲೆ ಚಮಚದಲ್ಲಿ ಹಾ ಬರೆದಳು. ಕಡೆಗೆ ಒಂದು ದಿನ ಹರಿಯದೆ ಉಳಿದ ಹಾಳೆಯೊಂದನ್ನು ಎರಡು ರಟ್ಟಿನ ನಡುವೆ ಇಟ್ಟು, ಎಳೆಮಗುವಿನ ಹಾಗೆ ಎತ್ತಿಕೊಂಡು ಬಂದಳು. ಸುಳ್ಳೇಕೆ ಹೇಳಲಿ, ಅದನ್ನು ಮುಟ್ಟುವ ಮೊದಲು ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ.

ಚಿಕ್ಕಬೈರಪ್ಪನವರು ಬಂದು ಹಾಳೆಯನ್ನು ಬೆಳಕಿಗೆ ಹಿಡಿದರು. ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದರು. “ಆಲಮ್ಮ... ನಿಲಯ. ಆಹಾ! ಸರ್ಯಾಗೈತೆ.” ಮಗ ಸುಬ್ರಮಣಿಗೆ ಫೋಟೊ ಕಳಿಸಿದರು. ಅವನು ಎಲ್ಲೋ ಮೀಟಿಂಗಿನಲ್ಲಿದ್ದವನು ಹೆಬ್ಬೆರಳಿನ ಗುರುತು ಒತ್ತಿ ಕಳಿಸಿದ. ಯಲಹಂಕದ ಕಲ್ಲು ಕೆತ್ತುವ ಚನ್ನಪ್ಪನಿಗೆ ಹಾಳೆ ಹೋಯಿತು. ಹೀಗೆ ಎಲ್ಲರೂ ನೋಡಿದರು, ಎಲ್ಲರೂ ಸರಿ ಎಂದರು.

ಗೃಹಪ್ರವೇಶ ಭಾನುವಾರ ಬೆಳಿಗ್ಗೆ. ನಾನೂ ಅತೀಯಾಳೂ ಹೆಬ್ಬಾಳದಲ್ಲಿ ಬಸ್ಸು ಹಿಡಿದು ಹೋದೆವು. ಅವಳು ಹೊಸ ಚೂಡಿದಾರ ಹಾಕಿದ್ದಳು, ಬೆರಳಿನ ಕಲೆಯನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಬೂದು ಬಣ್ಣಕ್ಕೆ ತಂದಿದ್ದಳು. ಗೇಟಿನ ಹತ್ತಿರ ಬಂದಾಗ ಅವಳು ನಿಂತುಬಿಟ್ಟಳು. ಕರಿಕಲ್ಲಿನ ಮೇಲೆ ಚಿನ್ನದ ಬಣ್ಣ ತುಂಬಿದ ಅವಳ ಅಕ್ಷರಗಳು, ಸುತ್ತ ಚೆಂಡುಹೂವಿನ ಹಾರ. ಯಾರೋ ಇಬ್ಬರು ನೆಂಟರು ಕಲ್ಲಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. “ಓದ್ತಿದ್ದಾರೆ ವೇದಕ್ಕ” ಎಂದು ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ.

ಒಳಗೆ ಒಲೆಯ ಮೇಲೆ ಹಾಲು ಉಕ್ಕಿಸಿ ಆಗಿತ್ತು. ಪಡಸಾಲೆಯಲ್ಲಿ ದೊಡ್ಡ ಕುರ್ಚಿಯಲ್ಲಿ ಪುಟ್ಟ ಅಜ್ಜಿಯೊಬ್ಬರು ರೇಷ್ಮೆ ಸೀರೆಯಲ್ಲಿ ಮುಳುಗಿ ಕೂತಿದ್ದರು. ಚಿಕ್ಕಬೈರಪ್ಪನವರು, “ಅವ್ವಾ, ನಿನ್ನೆಸ್ರು ಬರ್ದೋರು ಇವ್ರೇ” ಎಂದು ಪರಿಚಯಿಸಿದರು. ಅಜ್ಜಿ ಅತೀಯಾಳ ಕೈ ಹಿಡಿದು, ಬೆರಳುಗಳನ್ನು ತಿರುವಿ ನೋಡಿ, ಪಕ್ಕದಲ್ಲಿ ಕೂರಿಸಿಕೊಂಡರು.

“ಅಜ್ಜಿ, ಇಷ್ಟು ಒಳ್ಳೇ ಹೆಸ್ರು ನಿಮ್ಗೆ ಯಾರಿಟ್ಟಿದ್ದು?”

“ನಮ್ಮಪ್ಪ ಕಣವ್ವ. ನಮ್ಮೂರ್ ಕೆರೆ ಏರಿ ಮ್ಯಾಲೆ ದೊಡ್ ಮರ ಇತ್ತು. ಮಕ್ಳು ನಿಲ್ತಿರ್ಲಿಲ್ಲ ಅಂತ ನಮ್ಮವ್ವ ಆ ಮರದ್ ಬುಡ್ದಾಗಿನ ದ್ಯಾವ್ರಿಗೆ ಅರಕೆ ಕಟ್ಕೊಂಡ್ಲು. ನಾನ್ ಉಟ್ದೆ. ಆಲದ್ ಮರದಮ್ಮ ಕೊಟ್ ಮಗು ಅಂತ ಆಲಮ್ಮ ಅಂದ್ರು.”

ಅತೀಯಾಳ ಮುಖದ ನಗು ಹಾಗೇ ನಿಂತಿತು. ಎದ್ದು ಬಂದು ನನ್ನನ್ನು ಕಂಬದ ಮರೆಗೆ ಎಳೆದಳು. “ವೇದಕ್ಕ, ಆಲದ ಮರ!”

“ಇರ್ಲಿ ಬಿಡು, ಮರ ಇದ್ರೇನೀಗ?”

“ಹೆಸ್ರು ಆಲಮ್ಮ! ನಿಜವಾಗ್ಲೂ ಆ! ಅವ್ರು ಹ ನುಂಗಿದಾರೆ ಅಂತ ನಾನೇ ಸೇರಿಸ್ಬಿಟ್ಟೆ. ಹಾಲಮ್ಮ ಅಂತ ಬೇರೆ ಯಾರ್ದೋ ಹೆಸ್ರು ಕಲ್ಲಲ್ಲಿ ಕೂರ್ಸಿದೀನಿ!”

ನನಗೆ ನಗು ಬಂತು. ಆ ಮನೆಯವರು ಯಾರೂ ಇದನ್ನು ಹಿಡಿಯದೆ ಹೋದದ್ದು ಹೇಗೆಂದು ಆಗ ತಿಳಿಯಿತು. ಹಾಲನ್ನೇ ‘ಆಲು’ ಎನ್ನುವವರು ಹಾಲಮ್ಮ ಎಂದು ಬರೆದದ್ದನ್ನು ಇನ್ನೇನೆಂದು ಓದುತ್ತಾರೆ? ಇವಳು ಇಲ್ಲದ ಹಕಾರ ಸೇರಿಸಿದಳು, ಅವರು ಇದ್ದ ಹಕಾರ ನುಂಗಿ ಲೆಕ್ಕ ಸರಿಮಾಡಿದರು. ನಾನು ಲೋಕ ಕಂಡವಳಂತೆ ಬುದ್ಧಿ ಹೇಳಿದೆ: “ಸುಮ್ನೆ ಬಾಯಿ ಮುಚ್ಕೊಂಡು ಒಬ್ಬಟ್ಟು ತಿನ್ನು. ಈ ಊರು ಇರೋವರ್ಗೂ ಯಾರಿಗೂ ಗೊತ್ತಾಗಲ್ಲ. ಎಲ್ಲಾ ಆಲಮ್ಮ ಅಂತಾನೇ ಓದ್ತಾರೆ.”

“ಊರವ್ರು ಓದ್ತಾರೆ. ದಾರೀಲಿ ಹೋಗೋರು?” ಎಂದಳು. “ಅವ್ರ ಹೆಸ್ರು ಇದುವರೆಗೂ ಎಲ್ಲೂ ಬರ್ದೇ ಇಲ್ಲ ಅಂತ ಸರ್ ಹೇಳಿದ್ರಲ್ಲ ವೇದಕ್ಕ. ಇವತ್ತೂ ಬರ್ದಂಗಾಗ್ಲಿಲ್ಲ.”

ತಡೆಯುವುದರೊಳಗೆ ಹೋಗಿ ಅಜ್ಜಿಯ ಕುರ್ಚಿಯ ಮುಂದೆ ಮಂಡಿಯೂರಿಬಿಟ್ಟಳು. ಚಿಕ್ಕಬೈರಪ್ಪನವರೂ ಅಲ್ಲೇ ಇದ್ದರು.

“ಅಜ್ಜಿ, ನನ್ನಿಂದ ತಪ್ಪಾಗಿದೆ. ನಿಮ್ ಹೆಸ್ರು ಆಲಮ್ಮ. ಕಲ್ಲಲ್ಲಿ ನಾನು ಹಾಲಮ್ಮ ಅಂತ ಬರ್ದಿದೀನಿ.”

“ಊಂ ಕಣವ್ವ. ಆಲಮ್ಮ.”

“ಅಲ್ಲ ಅಜ್ಜಿ. ಹಾಲಮ್ಮ.”

“ಅದ್ನೇ ಅಲ್ವಾ ನಾನೂ ಏಳಿದ್ದು? ಆಲಮ್ಮ.”

ಚಿಕ್ಕಬೈರಪ್ಪನವರು ಕಿವಿಯಿಂದ ಮಿಷನ್ ತೆಗೆದು ಅಂಗೈಗೆ ತಟ್ಟಿದರು. “ಮೇಡಂ, ಇದು ಕೆಟ್ಟೈತೆ ಕಣ್ರಿ. ನೀವು ಎಲ್ಡ್ ಸಲಾನೂ ಒಂದೇ ಏಳ್ದಂಗೆ ಕೇಳ್ತು.”

ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ತುಂಬಿಕೊಂಡೆ. ಅತೀಯಾ ನಗಲಿಲ್ಲ. ಒಲೆಯ ಕಡೆ ಕೈ ತೋರಿಸಿ, “ಹಾಲು. ಕುಡಿಯೋ ಹಾಲು. ಅದ್ರ ಹೆಸ್ರು ಬರ್ದಿದೀನಿ ಸರ್. ಮರದ ಹೆಸ್ರು ಬರೀಬೇಕಿತ್ತು” ಎಂದಳು.

ಈಗ ಅವರಿಗೆ ತಿಳಿಯಿತು. ಚಿಕ್ಕಬೈರಪ್ಪನವರ ಮುಖ ಇಳಿಯಿತು. “ಅಂದ್ರೆ... ಆ ಕಲ್ ಮ್ಯಾಲೆ ಇರಾದು ನಮ್ಮವ್ವನ ಎಸ್ರಲ್ವಾ?”

“ಅಲ್ಲ ಸರ್.”

ಸುತ್ತ ಇದ್ದ ನೆಂಟರು ನಮ್ಮ ಕಡೆ ತಿರುಗಿದರು. ನನ್ನ ನಗುವೂ ಆಗ ಹೋಯಿತು. ಅತೀಯಾ ತಲೆ ತಗ್ಗಿಸಿ ಕೂತಿದ್ದಳು. ಇಷ್ಟು ದಿನದ ಸಂತೋಷವೆಲ್ಲ ಸೋರಿಹೋದ ಅವಳ ಬೆನ್ನು ನೋಡಿ ನನಗೆ ಅಳು ಬಂತು.

ಅಷ್ಟರಲ್ಲಿ ಕುರ್ಚಿ ಕುಲುಕತೊಡಗಿತು. ನೋಡಿದರೆ ಅಜ್ಜಿ ನಗುತ್ತಿದ್ದಾರೆ. ಹಲ್ಲಿಲ್ಲದ ಬಾಯಿ ಅಗಲ ಮಾಡಿ, ಸೀರೆಯೆಲ್ಲ ಅಲುಗುವಂತೆ. “ಕುಡಿಯೋ ಆಲಾ? ಅಯ್ಯೋ ನನ್ ಮಗಳೇ! ಕಾಲ ಪೂರ್ತಿ ಅದ್ನೇ ಕರ್ದು, ಅದ್ನೇ ತಲೆ ಮ್ಯಾಲೆ ಯಲಂಕಕ್ಕೆ ಒತ್ತು, ಇವುನ್ನ ಸಾಕಿದ್ದು. ಅದ್ರ ಎಸ್ರೇ ಬಂದು ಕುಂತ್ಕತ್ತಾ ಮನೆ ಮ್ಯಾಲೆ!” ಅವರು ನಕ್ಕದ್ದು ನೋಡಿ ಮಗ ನಕ್ಕರು, ಸೊಸೆ ಸುಬ್ಬಮ್ಮ ನಕ್ಕರು, ಕಾರಣ ಗೊತ್ತಿಲ್ಲದ ನೆಂಟರೂ ನಕ್ಕರು.

ಚಿಕ್ಕಬೈರಪ್ಪನವರು ಉಸಿರು ಬಿಟ್ಟು, “ಇರ್ಲಿ ಬಿಡಿ ಮೇಡಂ. ಮನೆ ಒಕ್ಕಲು ದಿನ ಆಲೇ ಅಲ್ವಾ ಉಕ್ಸಾದು. ಒಳ್ಳೇದೇ ಆಯ್ತು. ಅಂಗೇ ಇರ್ಲಿ” ಎಂದರು. ನಾನು ಮನಸ್ಸಿನಲ್ಲೇ ಅವರಿಗೆ ಕೈಮುಗಿದು, ಒಬ್ಬಟ್ಟಿನ ಕಡೆ ಒಂದು ಹೆಜ್ಜೆ ಇಟ್ಟೆ.

ಆದರೆ ಅಜ್ಜಿಯ ನಗು ನಿಂತಿತ್ತು. ಅತೀಯಾಳ ಗಲ್ಲ ಹಿಡಿದು ಮುಖ ಮೇಲೆತ್ತಿದರು. “ಅದು ಆಲಿಂದಾದ್ರೆ, ನನ್ನೆಸ್ರಿಂದು ಬ್ಯಾರೆ ಐತಾ? ಎಂಗೈತೆ ಅದು? ತೋರ್ಸು ನೋಡವಾ.”

ಹೊಸಲಿನ ಹತ್ತಿರ ರಂಗೋಲಿ ಪುಡಿಯ ಬಟ್ಟಲಿತ್ತು. ಅತೀಯಾ ಓಡಿ ಹೋಗಿ ತಂದಳು. ಅಜ್ಜಿಯನ್ನು ಕೈಹಿಡಿದು ಇಳಿಸಿ, ನೆಲದ ಮೇಲೆ ದೊಡ್ಡದಾಗಿ ಬರೆದಳು: ಆ. ಅಜ್ಜಿ ಅದನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

“ನಂಗೆ ಅಕ್ಸರ ಬರಲ್ಲ. ರಂಗೋಲೆ ಬತ್ತದೆ” ಎಂದು ಚಿಟಿಕೆ ಪುಡಿ ತೆಗೆದುಕೊಂಡರು.

ಎಲ್ಲಿಂದ ಶುರು ಮಾಡಬಾರದೋ ಅಲ್ಲಿಂದಲೇ ಶುರು ಮಾಡಿದರು. ಬಾಲದಿಂದ ಹೊರಟು, ಹೊಟ್ಟೆಗೆ ಬಂದು, ಅಲ್ಲಿ ದಾರಿ ತಪ್ಪಿ ಮತ್ತೆ ಸಿಕ್ಕಿಸಿಕೊಂಡು, ತಲೆಗೆ ಮುಗಿಸಿದರು. ಹೊಟ್ಟೆ ಊದಿಕೊಂಡಿತ್ತು, ಇಡೀ ಅಕ್ಷರ ಎಡಕ್ಕೆ ವಾಲಿತ್ತು, ಬಾಲವಂತೂ ಹಸುವಿನ ಬಾಲದಷ್ಟು ಉದ್ದ. ಒಂದು ಕೊಂಬು ಸರಿಯಿಲ್ಲವೆಂದು ಹಾಳೆ ಹರಿಯುವವಳು ಪಕ್ಕದಲ್ಲೇ ಕೂತಿದ್ದಾಳೆ, ಈಗ ಕೈ ಹಿಡಿದು ತಿದ್ದುತ್ತಾಳೆ ಎಂದು ನಾನು ಕಾದೆ. ಅವಳು ತಿದ್ದಲಿಲ್ಲ.

ಅಜ್ಜಿ ಕೈಯ ಪುಡಿ ಕೊಡವಿ, ತಾವು ಬರೆದದ್ದನ್ನು ಬಹಳ ಹೊತ್ತು ನೋಡಿದರು. “ಇದಾ ನಾನು?” ಎಂದರು.

“ಹೂಂ ಅಜ್ಜಿ. ಇದೇ ನೀವು.”

“ಅಂಗಾದ್ರೆ ಗೇಟಿಗೆ ಇದ್ನ ಆಕ್ಸೋ ಬೈರ. ಆಲಿನ್ ಕಲ್ನ ತಗೊಂಡೋಗಿ ದನಿನ್ ಕೊಟ್ಗೆಗೆ ಇಕ್ಕು. ಅವಕ್ಕೂ ಒಂದ್ ಎಸ್ರು ಬ್ಯಾಡ್ವಾ?”

ಚಿಕ್ಕಬೈರಪ್ಪನವರು ಅವ್ವನ ಪಕ್ಕ ನೆಲದ ಮೇಲೇ ಕೂತುಬಿಟ್ಟರು. ಅತೀಯಾ ಫೋನ್ ತೆಗೆದು, ಯಾರೂ ತುಳಿಯದ ಹಾಗೆ ಎಲ್ಲರನ್ನೂ ಹಿಂದೆ ಸರಿಸಿ, ಆ ರಂಗೋಲಿಯ ಫೋಟೊ ತೆಗೆದುಕೊಂಡಳು. ಆಮೇಲೆ ನಾವಿಬ್ಬರೂ ಒಬ್ಬಟ್ಟು ತಿಂದೆವು. ಅವಳು ನಾಲ್ಕು ತಿಂದಳು, ತುಪ್ಪ ಹಾಕಿಸಿಕೊಂಡು.

ಮರುದಿನದಿಂದ ಮತ್ತೆ ಶುರುವಾಯಿತು. ಈ ಸಲ ನನ್ನ ಕರಿಬೇವಿನ ಪಾಲಿಗೆ ಬಂದದ್ದು ‘ಲಮ್ಮ ನಿಲಯ’. ಮೊದಲಕ್ಷರಕ್ಕೆ ಅಜ್ಜಿಯ ರಂಗೋಲಿಯನ್ನೇ ಹಾಳೆಗೆ ಇಳಿಸಿದ್ದಳು, ವಾಲಿದ್ದು ವಾಲಿದ ಹಾಗೆ, ಬಾಲ ಇದ್ದಷ್ಟು ಉದ್ದಕ್ಕೆ. ಅದರ ಪಕ್ಕ ಅವಳ ನೆಟ್ಟನೆಯ ಅಕ್ಷರಗಳು ಇಸ್ತ್ರಿ ಬಟ್ಟೆ ತೊಟ್ಟ ನೆಂಟರಂತೆ ಬೇರೆಯಾಗಿ ನಿಲ್ಲುತ್ತಿದ್ದವು. ಅದಕ್ಕಾಗಿ ತನ್ನ ಲ, ಮ್ಮ, ನಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಎಡಕ್ಕೆ ವಾಲಿಸಿ, ಹೊಟ್ಟೆ ಊದಿಸಿ ಬರೆದಳು. ವರ್ಷಗಟ್ಟಲೆ ಕಲಿತ ನೇರವನ್ನು ಬಿಡುವುದು ಸುಲಭದ ಕೆಲಸವಾಗಿರಲಿಲ್ಲ. ಕುಬ್ರಾ ಅವರು ನನಗೆ ಫೋನ್ ಮಾಡಿ, “ಏನ್ ವೇದಾ ಅವ್ರೇ, ಇಷ್ಟು ದಿನ ನೆಟ್ಟಗೆ ಬರೀತಿದ್ಲು, ಈಗ ಕೈ ಕೆಟ್ಟೋಯ್ತಾ?” ಎಂದು ಗಾಬರಿಯಾದರು.

ಹಾಳೆ ಚನ್ನಪ್ಪನಿಗೆ ಹೋದ ದಿನ ಮಧ್ಯಾಹ್ನ ಕ್ಲಿನಿಕ್ಕಿಗೆ ಅವನ ಫೋನು ಬಂತು. ಅತೀಯಾಳ ಕೈಯಲ್ಲಿ ರೋಗಿಯ ಕಿವಿ ಇತ್ತು, ನಾನು ಸ್ಪೀಕರ್ ಹಾಕಿ ಹಿಡಿದೆ.

“ಮೇಡಂ, ಮೊದಲ್ನೇ ಅಕ್ಷರ ತುಂಬಾ ಸೊಟ್ಟ ಬಿದ್ದಿದೆ. ಕೆತ್ತೋ ಮುಂಚೆ ನಾನೇ ಸ್ವಲ್ಪ ನೆಟ್ಟಗೆ ಮಾಡ್ಕೊಳ್ಲಾ?”

“ಮುಟ್ಬೇಡಿ ಚನ್ನಪ್ಪನವ್ರೇ” ಎಂದಳು ಅತೀಯಾ. “ಉಳಿದಿದ್ದು ನಾನು ಬರ್ದಿದ್ದು, ಬೇಕಾದ್ರೆ ತಿದ್ಕೊಳ್ಳಿ. ಅದು ಅಜ್ಜಿ ರುಜು.”